ಬರಿಗಿವಿಯ ನಿಯಮ

"ನೀವು ನನ್ನ ಯಜಮಾನ್ರ ಅಂತ ಹೆಂಗ ನಂಬ್ಲಿರಿ?" ಎಂದು ನಾನು ಫೋನಿನಲ್ಲಿ ಕೇಳಿದೆ.

ಆ ಕಡೆ ಈರಣ್ಣ ಹಲ್ಲು ಕಡಿದದ್ದು ಇಲ್ಲಿಗೆ ಕೇಳಿಸಿತು. ಹಿಂದೆ ಬಸ್ ನಿಲ್ದಾಣದ ಗದ್ದಲ. "ಈ ವಾರದ ಪ್ರಶ್ನೆ ಎಣಗಾಯಿದಲ್ಲ? ನಮ್ಮ ಮದುವ್ಯಾಗ ನಿಮ್ಮ ಸೋದರಮಾವ ಊಟಕ್ಕ ಕುಂದ್ರೂದ್ರಾಗ ಎಣಗಾಯಿ ಪಲ್ಯಾ ಖಾಲಿ ಆತು. ಆ ಮನಿಷ್ಯಾ ಅವತ್ತಿನಿಂದ ನಮ್ಮ ಹೊಸ್ತಿಲಾ ತುಳಿದಿಲ್ಲ. ಸಾಕ? ಈಗಾರ ಹೇಳು, ನೀಲಾ ಹೆಂಗದಾಳ?"

ಉತ್ತರ ಸರಿಯಾಗಿತ್ತು. ಗಂಡ ಗಂಡನೇ. "ಹಂಗ ಅದಾಳ್ರಿ," ಎಂದು ಫೋನ್ ಇಟ್ಟೆ.

ನಗಬೇಡಿ. ಆಗ ಹುಬ್ಬಳ್ಳಿಯ ಮನೆಮನೆಯಲ್ಲೂ ಇದೇ ಪಾಡು. ಯಾರ ದನಿಯನ್ನಾದರೂ, ಯಾರ ಮುಖವನ್ನಾದರೂ ಹುಟ್ಟಿಸಿಕೊಡುವ ಯಂತ್ರಗಳು ಅಗ್ಗವಾಗಿ ಸಿಗತೊಡಗಿದ ಮೇಲೆ, ಫೋನಿನಲ್ಲಿ ಮಾತಾಡುತ್ತಿರುವುದು ನಿಜವಾದ ಮನುಷ್ಯನೋ ಅಲ್ಲವೋ ಎಂದು ತಿಳಿಯುವುದೇ ನಿಂತುಹೋಯಿತು. ಮನೆಗೊಂದು ಗುಟ್ಟಿನ ಪ್ರಶ್ನೆ, ವಾರಕ್ಕೊಮ್ಮೆ ಬದಲು. ಎದುರು ಮನೆಯ ಶಾರವ್ವ ಹೆತ್ತ ಮಗನನ್ನೇ "ನಮ್ಮ ಕರಿ ಎಮ್ಮೀದು ಯಾವ ಕೊಂಬು ಸೊಟ್ಟ ಇತ್ತು?" ಎಂದು ಕೇಳಿ, ಅವನು ತಡವರಿಸಿದ್ದಕ್ಕೆ ಫೋನ್ ಕುಕ್ಕಿದ್ದಳು. ಜನರಿಗೆ ಬೇರೆ ದಾರಿಯಿರಲಿಲ್ಲ. ಮುಖ್ಯವಾದ ಮಾತೇನಿದ್ದರೂ ಸ್ವತಃ ಹೋಗಿ ಎದುರಿಗೆ ನಿಂತೇ ಹೇಳಬೇಕು. ಹೀಗಾಗಿ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರ್ ಆದ ನನ್ನ ಗಂಡನಿಗೆ ಮನೆಗೆ ಬರಲು ಪುರುಸೊತ್ತಿಲ್ಲ.

ನೀಲಾ ನಮ್ಮ ಮಗಳು. ನೀಲಾಂಬಿಕಾ. ಹುಟ್ಟಾ ಕಿವುಡಿ. ಎರಡು ವರ್ಷದವಳಿದ್ದಾಗ ಆಪರೇಷನ್ ಮಾಡಿಸಿ, ಕಿವಿಯ ಒಳಗೆ ಒಂದು ಸಣ್ಣ ಯಂತ್ರ ಕೂರಿಸಿದೆವು. ನಾವು ಅದನ್ನು ಒಳಗಿವಿ ಎನ್ನುತ್ತೇವೆ. ಹೊರಗೆ, ಕಿವಿಯ ಮೇಲ್ಭಾಗದಲ್ಲಿ, ಅಯಸ್ಕಾಂತದಿಂದ ಅಂಟಿಕೊಳ್ಳುವ ಒಂದು ಬಿಲ್ಲೆ; ಅದು ಶಬ್ದವನ್ನು ಹಿಡಿದು ಒಳಕ್ಕೆ ಕಳಿಸುತ್ತದೆ. ಒಳಗಿನದು ಅದನ್ನು ಮಿಡಿತವಾಗಿ ಮಾಡಿ ನರಕ್ಕೆ ಮುಟ್ಟಿಸುತ್ತದೆ. ನಮ್ಮ ಹುಡುಗಿ ಹೀಗೇ ಮಾತು ಕಲಿತಳು. ಅವಳ ಮೊದಲ ಮಾತು ಅವ್ವ ಅಲ್ಲ, ಅಪ್ಪ ಅಲ್ಲ, ಕಾಗಿ. ಕಾಂಪೌಂಡ್ ಗೋಡೆಯ ಮೇಲೆ ದಿನಾ ಬೆಳಿಗ್ಗೆ ಬಂದು ಕೂರುವ ಕಾಗೆಗೆ ಅವಳು ಕಾಗಿ, ಕಾಗಿ ಎಂದು ಕೂಗಿದ ದಿನ ಈರಣ್ಣ ಇಡೀ ಬಸ್ಸಿಗೆ ಪೇಡೆ ಹಂಚಿದ್ದ.

ಯಂತ್ರ ಮಾಡಿದ ಕಂಪನಿ ಒಂದು ದಿನ ಬಾಗಿಲು ಹಾಕಿಕೊಂಡು ಹೋಯಿತು. ತಲೆಯೊಳಗೆ ಅದರ ಮಾಲು ಇಟ್ಟುಕೊಂಡ ಸಾವಿರಾರು ಮಕ್ಕಳು ಎಲ್ಲಿಗೆ ಹೋಗಬೇಕು? ಆಗ ಹುಟ್ಟಿದ್ದು ನಮ್ಮ ಕಿವಿಬಳಗ. ಸಂಬಳವಿಲ್ಲ, ಕಚೇರಿಯಿಲ್ಲ. ಅವರವರ ಮನೆಯಲ್ಲಿ ಕೂತು ಒಳಗಿವಿಯ ಸಾಫ್ಟ್‌ವೇರ್ ರಿಪೇರಿ ಮಾಡುವ ಜನ. ನಾನು ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಮಗಳಿಗಾಗಿ ಸೇರಿದೆ, ಆಮೇಲೆ ಬಿಡಲಾಗಲಿಲ್ಲ.

ಆ ವರ್ಷ ಊರ ತುಂಬ ಹೊಸ ತರಂಗದ ಮೊಬೈಲ್ ಕಂಬಗಳು ಎದ್ದವು. ಕಂಬಕ್ಕೆ ಕರೆಂಟು ಕೊಟ್ಟ ದಿನವೇ ನೀಲಾ ಊಟ ಮಾಡುತ್ತಿದ್ದವಳು ಕಿಟಾರನೆ ಕಿರುಚಿ ತಲೆಯ ಬಿಲ್ಲೆ ಕಿತ್ತು ಗೋಡೆಗೆ ಎಸೆದಳು. ಒಳಗಿವಿ ಆ ತರಂಗವನ್ನೂ ಶಬ್ದವೆಂದು ತಿಳಿದು ನರಕ್ಕೆ ತಿವಿಯುತ್ತಿತ್ತು. ಹಲಗೆಗೆ ಮೊಳೆ ಗೀರಿದ ಹಾಗೆ ಎಂದು ಒಳಗಿವಿ ಹಾಕಿಸಿಕೊಂಡ ದೊಡ್ಡವರು ಹೇಳಿದರು. ಅವಳಿಗೆ ಹೇಳಲು ಮಾತೇ ಇರಲಿಲ್ಲ. ಬಿಲ್ಲೆ ಡಬ್ಬಿ ಸೇರಿತು. ಮಗಳು ಮತ್ತೆ ಮೌನದೊಳಕ್ಕೆ ಹೋದಳು.

ಆಮೇಲೆ ಶುರುವಾಯಿತು ನೋಡಿ, ನಿಜವಾದ ಸಂಕಟ. ಕೇಳದ ಮಗು ಮಾತನ್ನು ಮರೆಯುತ್ತದೆ. ತುಟಿಯ ಮೇಲೆ ಕಾಣುವ ಅವ್ವ, ಅಪ್ಪ ಉಳಿದವು. ಗಂಟಲ ಹಿಂದಿನಿಂದ ಬರುವ ಮಾತುಗಳು ಒಂದೊಂದಾಗಿ ಉದುರಿದವು. ಕಾಗಿ ಹೋಗಿ ಆಇ ಆಯಿತು. ಗೋಡೆಯ ಮೇಲೆ ಕಾಗೆ ಬಂದು ಕೂತರೆ ಆಇ, ಆಇ ಎನ್ನುತ್ತಿದ್ದಳು. ಒಂದು ದಿನ ಅದನ್ನೂ ಬಿಟ್ಟು ಬರೀ ಬೆರಳು ತೋರಿಸಿದಳು. ನಾನು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ತೇಪೆ ಆಗಲೇ ಸಿದ್ಧವಾಗಿತ್ತು. ಸಾಫ್ಟ್‌ವೇರಿನ ತೂತು ಮುಚ್ಚುವ ಸಣ್ಣ ಬರಹಕ್ಕೆ ನಮ್ಮ ಬಳಗದಲ್ಲಿ ತೇಪೆ ಎನ್ನುತ್ತೇವೆ. ಬರೆದದ್ದು ಮುಂಗುಸಿ. ಅಂದರೆ ಮುಂಗುಸಿ ಎಂಬ ಹೆಸರಿಟ್ಟುಕೊಂಡ ಒಬ್ಬರು. ವರ್ಷಗಳಿಂದ ನಮ್ಮಲ್ಲಿ ಅತ್ಯುತ್ತಮ ಕೆಲಸ ಅವರದೇ. ಮುಖ ಕಂಡವರಿಲ್ಲ, ದನಿ ಕೇಳಿದವರಿಲ್ಲ.

ಅದನ್ನು ಪರೀಕ್ಷಿಸಿದ್ದು ಧಾರವಾಡದಲ್ಲಿ, ಗಲಗಲಿ ಸರ್ ಮನೆಯ ಹಿಂದಿನ ಕೋಣೆಯಲ್ಲಿ. ಶ್ರೀಪಾದ ಗಲಗಲಿ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಬಳಗದ ಹಿರಿಯರು. ಅಂಗಿಯ ಮೇಲಿನ ಗುಂಡಿಯನ್ನು ಉರಿಬಿಸಿಲಿನಲ್ಲೂ ತೆಗೆಯದ ಮನುಷ್ಯ. ಮೇಜಿನ ಮೇಲೆ ಉಪ್ಪಿನಕಾಯಿಯ ಭರಣಿ, ಅದರ ತುಂಬ ಉಪ್ಪುನೀರು, ನೀರಿನಲ್ಲಿ ಮುಳುಗಿಸಿಟ್ಟ ಹಳೆಯ ಒಳಗಿವಿ. ಮನುಷ್ಯನ ಮೈಯೂ ಉಪ್ಪುನೀರೇ ಅಲ್ಲವೇ? ತರಂಗ ಹಾಯಿಸಿದಾಗ ಪರದೆಯ ಮೇಲೆ ಗೆರೆ ಹುಚ್ಚೆದ್ದು ಕುಣಿಯಿತು. ಮುಂಗುಸಿಯ ತೇಪೆ ಹಾಕಿದೊಡನೆ ಗೆರೆ ಮಲಗಿತು.

"ಭಾಳ ಛಂದ ಬರದಾರ," ಎಂದರು ಸರ್. "ಒಂದೊಂದು ಸಾಲೂ ಓದೀನಿ. ಎಲ್ಲೂ ಖೋಟಾ ಇಲ್ಲ."

"ಹಂಗಾರ ಇವತ್ತ ಹಾಕೋಣ ನಡೀರಿ ಸರ್. ನಮ್ಮ ನೀಲಾಗ..."

"ಮೂರು ಸಹಿ ಬೇಕಲ್ರಿ ಮಹಾದೇವಿಯವರ. ನಿಮ್ಮದೊಂದು, ನನ್ನದೊಂದು. ಮೂರನೇದು ಎಲ್ಲೆದ?"

ಅದೇ ಕುತ್ತು. ಕಂಪನಿ ಹೋಗುವ ಮುನ್ನ ಒಳಗಿವಿಗೆ ಒಂದೇ ಬುದ್ಧಿ ಕಲಿಸಿ ಹೋಗಿತ್ತು: ಮೂರು ಕೀಲಿಗಳ ಸಹಿ ಇಲ್ಲದ ಯಾವ ಸಾಫ್ಟ್‌ವೇರನ್ನೂ ಒಳಗೆ ಬಿಡಬೇಡ. ಕೀಲಿ ಎಂದರೆ ಕಬ್ಬಿಣದ್ದಲ್ಲ. ಒಬ್ಬೊಬ್ಬರ ಹತ್ತಿರ ಇರುವ ಗುಟ್ಟಿನ ಲೆಕ್ಕ. ಅದಕ್ಕೊಂದು ಬಹಿರಂಗ ಗುರುತು, ಉದ್ದನೆಯ ಅಂಕಿಗಳ ಸಾಲು. ಹೊಸಬರ ಕೀಲಿಯನ್ನು ಒಳಗೆ ಸೇರಿಸಬೇಕಾದರೆ ಹಳಬರಿಬ್ಬರು ಅದಕ್ಕೆ ಸಹಿ ಹಾಕಬೇಕು. ಸಹಿಯ ಅರ್ಥ ಇಷ್ಟೇ: ಈ ಕೀಲಿ ಈ ಮನುಷ್ಯರದೇ, ನಾನು ಖುದ್ದು ಕಂಡು ಖಾತ್ರಿ ಮಾಡಿಕೊಂಡಿದ್ದೇನೆ. ಮೂರನೆಯ ಕೀಲಿ ಗದಗಿನ ಡಾಕ್ಟರೊಬ್ಬರ ಹತ್ತಿರ ಇತ್ತು. ಅವರು ತೀರಿಕೊಂಡರು, ಕೀಲಿಯ ಗುಟ್ಟೂ ಅವರ ಜೊತೆ ಹೋಯಿತು. ಈಗ ಮುಂಗುಸಿಯನ್ನೇ ಕರೆಸಿ, ಅವರ ಕೀಲಿಗೆ ನಾವಿಬ್ಬರೂ ಸಹಿ ಹಾಕಬೇಕು. ತೇಪೆ ಓದಿ ಹೊಣೆ ಹೊರಬಲ್ಲವರು ಬಳಗದಲ್ಲಿ ಬೇರೆ ಯಾರೂ ಉಳಿದಿಲ್ಲ.

ಸಹಿ ಹಾಕುವುದಕ್ಕೂ ಒಂದು ನಿಯಮವಿತ್ತು. ಗಲಗಲಿ ಸರ್ ಬರೆದದ್ದು. ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಸಹಿಸಭೆಯಲ್ಲಿ ಎಲ್ಲರೂ ಕಾಗದದ ಮೇಲಿನ ಅಂಕಿಗಳನ್ನು ಕಣ್ಣಾರೆ ತಾಳೆ ನೋಡಿಯೇ ಸಹಿ ಹಾಕಿದ್ದರು. ಆದರೆ ಆ ಹೊತ್ತಿಗೆ ಜನ ಕಣ್ಣೊಳಗೆ ತೆಳ್ಳನೆಯ ಚಿತ್ರ ತೋರಿಸುವ ಮಸೂರ ಹಾಕಿಕೊಳ್ಳತೊಡಗಿದ್ದರು. ಯಾರೋ ಆ ಮಸೂರಗಳೊಳಕ್ಕೇ ನುಗ್ಗಿ, ಒಂದು ಅಂಕಿಯ ಜಾಗದಲ್ಲಿ ಇನ್ನೊಂದನ್ನು ತೋರಿಸಿದ್ದರು. ಹಾಗೆ ಮೂರು ಕಳ್ಳ ಕೀಲಿಗಳು ಒಳಗೆ ಬಂದವು. ಮಾರನೆಯ ವಾರ ಸಾವಿರಾರು ಮಕ್ಕಳ ತಲೆಯೊಳಗೆ ಸಾಬೂನಿನ ಜಾಹೀರಾತಿನ ಹಾಡು ಮೊಳಗಿತು. ಕಿವಿ ಮುಚ್ಚಿಕೊಂಡರೂ ನಿಲ್ಲದ ಹಾಡು. ಗಲಗಲಿ ಸರ್ ಮಸೂರ ಹಾಕಿ ನೋಡಿ ಸಹಿ ಮಾಡಿದವರಲ್ಲಿ ಒಬ್ಬರು. ಅಂದಿನಿಂದ ಅವರು ಕಣ್ಣನ್ನು ನಂಬುವುದು ಬಿಟ್ಟರು.

ಹೊಸ ನಿಯಮದ ಹೆಸರು ಬರಿಗಿವಿಯ ನಿಯಮ. ಕಾಗದ ಇಲ್ಲ, ಪರದೆ ಇಲ್ಲ. ಪ್ರತಿಯೊಬ್ಬರೂ ತಮ್ಮ ಗುರುತಿನ ಅಂಕಿಗಳನ್ನೂ ಎದುರಿನವರ ಅಂಕಿಗಳನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡು ಬರಬೇಕು. ಎದುರುಬದುರು ಕೂತು ಒಬ್ಬರು ಹೇಳಬೇಕು, ಇನ್ನೊಬ್ಬರು ಬರಿಗಿವಿಯಿಂದ ಕೇಳಬೇಕು. ಆಮೇಲೆ ಅವರು ಹೇಳಬೇಕು, ಇವರು ಕೇಳಬೇಕು. ನಡುವೆ ಯಾವ ಯಂತ್ರವೂ ಇರಕೂಡದು. ಹೇಳುವವರು ಬೇಕೆಂದೇ ಎಲ್ಲೋ ಒಂದು ಕಡೆ ಕಳ್ಳ ಅಂಕಿಯೊಂದನ್ನು ನುಗ್ಗಿಸಬೇಕು. ಕೇಳುವವರು ಅದನ್ನು ಹಿಡಿದು ಮೇಜು ಗುದ್ದಬೇಕು. ಗುದ್ದದಿದ್ದರೆ ಅವರು ಕೇಳಲೇ ಇಲ್ಲವೆಂದು ಅರ್ಥ, ಸಹಿಯೂ ಇಲ್ಲ.

ಮುಂಗುಸಿ ಬರುತ್ತೇನೆಂದು ಬರೆದರು. ನಾನು ಅಂಕಿಗಳನ್ನು ಉರು ಹೊಡೆಯತೊಡಗಿದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ರೊಟ್ಟಿ ಬಡಿಯುತ್ತ ನಾಲ್ಕು ಒಂಬತ್ತು ಸೊನ್ನೆ ಏಳು, ಬಟ್ಟೆ ಒಣಹಾಕುತ್ತ ಎರಡು ಎರಡು ಎಂಟು. ಕ್ಲಾಸಿನಲ್ಲಿ ರೆಸಿಸ್ಟರಿನ ಬೆಲೆ ಹೇಳುವ ಬದಲು ನನ್ನ ಗುರುತಿನ ಅಂಕಿಗಳನ್ನೇ ಹೇಳಿ ಹುಡುಗರಿಂದ ನಗಿಸಿಕೊಂಡೆ.

ನೀಲಾ ನನ್ನ ತೊಡೆಯ ಮೇಲೆ ಕೂತು, ಹೆಬ್ಬೆರಳನ್ನು ನನ್ನ ತುಟಿಗೆ, ಉಳಿದ ಬೆರಳುಗಳನ್ನು ದವಡೆಗೂ ಗಂಟಲಿಗೂ ಹಚ್ಚುತ್ತಿದ್ದಳು. ಮಾತು ಕಲಿಸುವ ಟೀಚರು ಮೊದಮೊದಲು ಹಾಗೆ ಅಭ್ಯಾಸ ಮಾಡಿಸಿದ್ದರು. ಬಿಲ್ಲೆ ಹೋದ ಮೇಲೆ ಅವಳು ಮತ್ತೆ ಅದಕ್ಕೇ ಜೋತುಬಿದ್ದಿದ್ದಳು. ಒಂದು ಸಂಜೆ ಉರು ಹೊಡೆಯುತ್ತಿರುವಾಗ ಈರಣ್ಣ ಬಂದ. ನನ್ನ ಗಮನ ಬಾಗಿಲ ಕಡೆ ಹೋಗಿ ಒಂದು ಅಂಕಿ ತಪ್ಪಿತು. ನೀಲಾ ರಪ್ಪನೆ ನನ್ನ ತೊಡೆಗೆ ಹೊಡೆದಳು.

"ಏ ಯಾಕ ಹೊಡೀತಿ? ಸುಮ್ನ ಕುಂದ್ರು!" ಎಂದು ಗದರಿಸಿ ಕೆಳಗಿಳಿಸಿದೆ. ಅವಳು ಮುಖ ಊದಿಸಿಕೊಂಡು ಅಪ್ಪನ ಹತ್ತಿರ ಹೋದಳು. ಎಂಥ ಮಬ್ಬು ನನಗೆ! ಆಗ ಏನೂ ಹೊಳೆಯಲಿಲ್ಲ.

ಸಹಿಸಭೆ ನಡೆದದ್ದು ನಮ್ಮೂರ ದುರ್ಗದಬೈಲ್ ಹತ್ತಿರದ ಒಂದು ಖಾನಾವಳಿಯ ಮಹಡಿಯ ಮೇಲೆ. ಕಲ್ಲಿನ ದಪ್ಪ ಗೋಡೆ, ತರಂಗ ಸುಲಭವಾಗಿ ಒಳಗೆ ಬರುವುದಿಲ್ಲ. ಫೋನು, ಕನ್ನಡಕ, ಗಡಿಯಾರ ಎಲ್ಲ ಕೆಳಗೆ ಜೋಳದ ಡಬ್ಬಿಯಲ್ಲಿ ಬಿಟ್ಟು ಹತ್ತಬೇಕು. ಗಲಗಲಿ ಸರ್ ಆಗಲೇ ಬಂದು ಕೂತಿದ್ದರು. ನಾನು ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದೆ.

"ಕುಂದರ್ರಿ ಮಹಾದೇವಿಯವರ, ನನಗ ತಲಿ ತಿರಗ್ಲಿಕ್ಕೆ ಹತ್ತೇದ."

"ಕುಂದ್ರಾಕ ಆಗವಲ್ದು ಸರ್."

ಮೆಟ್ಟಿಲು ಹತ್ತಿ ಬಂದದ್ದು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹಸಿರು ಓಢಣಿ, ಹೆಗಲಿಗೊಂದು ಚೀಲ. ಗುರುತಿನ ಚೀಟಿ ಮೇಜಿನ ಮೇಲಿಟ್ಟು, "ಶಮೀಮ್ ಬಾಗವಾನ, ಬಾಗಲಕೋಟಿ. ಮುಂಗುಸಿ ನಾನ," ಎಂದಳು. ಏರಿಳಿತವಿಲ್ಲದ, ಒಂದೇ ಎತ್ತರದ ದನಿ. ಆ ದನಿ ಕೇಳಿದೊಡನೆ ಓಡಾಟ ನಿಲ್ಲಿಸಿದೆ. ಅಂಥ ದನಿ ನಮ್ಮ ಮನೆಯಲ್ಲೂ ಇತ್ತಲ್ಲ.

"ಕುಂದರ್ರಿ, ಕುಂದರ್ರಿ," ಎಂದು ಸರ್ ಕಿಟಕಿಯ ಕಡೆ ತಿರುಗಿ ಪರದೆ ಎಳೆಯುತ್ತ, "ಪ್ರಯಾಣ ಹೆಂಗಾತು?" ಎಂದರು. ಅವಳು ಉತ್ತರಿಸಲಿಲ್ಲ. ಸರ್ ತಿರುಗಿ ನೋಡಿದರು.

"ನನ್ನ ಕಡೆ ಮಾರಿ ಮಾಡಿ ಮಾತಾಡ್ರಿ ಸರ್," ಎಂದಳು ಶಮೀಮ್. ಓಢಣಿಯನ್ನು ಸರಿಸಿ ಕಿವಿಯ ಮೇಲಿನ ಕೂದಲು ಎತ್ತಿ ತೋರಿಸಿದಳು. ಬಿಲ್ಲೆ ಕೂರುವ ಜಾಗದ ಬೋಳು ಗುರುತು. "ನಂದೂ ಒಳಗಿವೀನ. ಕಂಬ ಹಾಕಿದಾಗಿಂದ ಬಿಲ್ಲೆ ತಗದಿಟ್ಟೀನಿ. ಈಗ ತುಟಿ ನೋಡಿ ಮಾತಾಡಾಕತ್ತೀನಿ."

ಸರ್ ಪರದೆ ಬಿಟ್ಟು ಮೇಜಿಗೆ ಬಂದು ಕೂತರು.

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ಲಲ್ಲ ತಂಗಿ," ಎಂದರು.

"ಹೇಳಿದ್ರ ನನ್ನ ಕೋಡ್ ಓದೂ ಮೊದ್ಲ ಅಯ್ಯೋ ಪಾಪ ಅಂತಿದ್ರಿ."

"ನಿಯಮ ಓದೀರಿಲ್ಲೋ? ಬರಿಗಿವಿ..."

"ಓದೀನ್ರಿ. ಕಿವುಡರ ಸಲುವಾಗಿ ದುಡಿಯೂ ಮಂದಿ ಬರದ ನಿಯಮ. ಒಬ್ಬ ಕಿವುಡನೂ ಅದರೊಳಗ ಬರೂವಂಗಿಲ್ಲ. ಬರದು ಜಗಳಾಡಿದ್ರ ನೀವು ಬರದು ಉತ್ತರಾ ಕೊಡ್ತೀರಿ. ಎದುರಿಗೆ ಬಂದು ನಿಂತ್ರ ನಾಚಿಕಿನಾರ ಆದೀತು ಅಂತ ಬಂದೆ."

ನಾಚಿಕೆ ಆಯಿತು. ಭೂಮಿ ಬಾಯಿ ಬಿಡಬಾರದೇ ಅನ್ನುವಷ್ಟು ಆಯಿತು. ಆದರೆ ಅದಕ್ಕಿಂತ ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಮಗಳ ಮುಖ. ಇವತ್ತು ಸಹಿ ಆಗದಿದ್ದರೆ ನೀಲಾಳ ಬಾಯಲ್ಲಿ ನಾಳೆ ಯಾವ ಮಾತು ಉಳಿದಿರುತ್ತದೆ?

"ಸರ್, ಇರೋರು ನಾವಿಬ್ರ. ಯಾರೂ ನೋಡಾಕತ್ತಿಲ್ಲ. ಇಕಿನ ಮುಂಗುಸಿ ಅಂತ ನನಗ ಅನುಮಾನಿಲ್ಲ. ಸಹಿ ಹಾಕಿಬಿಡೂನು," ಎಂದೆ.

"ಅವತ್ತೂ ನನಗ ಅನುಮಾನ ಇರ್ಲಿಲ್ಲ," ಎಂದರು ಸರ್. "ಇದ ಕಣ್ಣಲೆ ನೋಡಿ ಸಹಿ ಹಾಕ್ದೆ. ಆ ಹಾಡು ಕೂಸುಗಳ ತಲ್ಯಾಗ ಕುಣೀತು. ನಮ್ಮ ಓಣ್ಯಾಗಿನ ಒಂದು ಕೂಸು ಗೋಡಿಗೆ ತಲಿ ಬಡಕೊಂಡದ್ದು ನಾ ನೋಡೀನಿ. ಅನುಮಾನಿಲ್ಲಂತ ಸಹಿ ಹಾಕೂದಲ್ರಿ, ಖಾತ್ರಿ ಆಗಿ ಹಾಕೂದು."

ಶಮೀಮ್ ಗಲಗಲಿ ಸರ್ ತುಟಿಯನ್ನೇ ನೋಡುತ್ತಿದ್ದಳು. ಚೀಲದಿಂದ ಬಿಲ್ಲೆ ತೆಗೆದಳು. "ಹಂಗಾರ ಕೇಳತೀನಿ. ಹೇಳ್ರಿ," ಎಂದು ಟಕ್ಕನೆ ತಲೆಗೆ ಅಂಟಿಸಿಕೊಂಡುಬಿಟ್ಟಳು.

ಗೋಡೆ ದಪ್ಪವಿದ್ದರೂ ಕಂಬ ಹತ್ತಿರವೇ ಇತ್ತು. ಅವಳ ಮೈ ಬಿಲ್ಲಿನಂತೆ ಸೆಟೆಯಿತು. ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿದಳು. "ಹೇಳ್ರಿ!" ಎಂದು ಚೀರಿದಳು. ಸರ್ ಗಾಬರಿಯಿಂದಲೇ ಶುರು ಮಾಡಿದರು. ಆರು, ಮೂರು, ಎಂಟು... ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಬಿಳಚಿಕೊಂಡಿತ್ತು. ಎಲ್ಲೋ ನಡುವೆ ಸರ್ ಕಳ್ಳ ಅಂಕಿ ಹಾಕಿದರು. ಧಡ್ ಎಂದು ಅವಳ ಮುಷ್ಟಿ ಮೇಜಿನ ಮೇಲೆ ಬಿತ್ತು. ಹಿಡಿದಿದ್ದಳು! ಸರ್ ಮುಂದುವರಿಸಿದರು. ಮುಗಿಯುವಷ್ಟರಲ್ಲಿ ಅವಳು ಮೇಜಿಗೆ ಹಣೆ ಹಚ್ಚಿ ಓಕರಿಸುತ್ತಿದ್ದಳು. ನಾನೇ ಹೋಗಿ, ನೀಲಾಳಿಗೆ ತೆಗೆಯುವಂತೆ, ಅವಳ ತಲೆಯ ಬಿಲ್ಲೆ ಕಿತ್ತೆ.

"ಆತಲ್ರಿ ಸರ್? ಕೇಳಿದ್ಲಲ್ಲ?"

ಗಲಗಲಿ ಸರ್ ಅಳುತ್ತಿದ್ದರು. ಅಳುತ್ತಲೇ ತಲೆ ಅಲ್ಲಾಡಿಸಿದರು. "ಬರಿಗಿವಿ ಅಲ್ರಿ ಇದು. ನಡುವ ಯಂತ್ರ ಬಂತು. ಕಣ್ಣಿನ ಮಸೂರದೊಳಗ ಹೊಕ್ಕವರು ಒಳಗಿವಿಯೊಳಗ ಹೊಗೂದಿಲ್ಲೇನು? ನಾನು ಹೇಳೂ ಅಂಕಿ ಒಂದು, ಇಕಿಗೆ ಕೇಳಿಸೂದು ಇನ್ನೊಂದು ಆದ್ರ? ನನಗ ಬೈರಿ, ಹೊಡೀರಿ. ಆದ್ರ ನಾ ಹೇಳೂದು ಸುಳ್ಳೇನು?"

ಸುಳ್ಳಲ್ಲ. ಮುದುಕ ಹೇಳುವುದು ಖರೆ, ಆ ಹುಡುಗಿ ಹೇಳುವುದೂ ಖರೆ, ನಡುವೆ ನನ್ನ ಮಗಳು ಮೂಕಳಾಗುತ್ತಿದ್ದಾಳೆ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ಕುರ್ಚಿಯನ್ನು ಒದ್ದೆ. ಕಿಟಕಿಗೂ ಬಾಗಿಲಿಗೂ ಮತ್ತೆ ಓಡಾಡಿದೆ. ಬಾಯಿ ತನ್ನಷ್ಟಕ್ಕೆ ತಾನೇ ಉರು ಹೊಡೆಯತೊಡಗಿತ್ತು. ನಾಲ್ಕು ಒಂಬತ್ತು ಸೊನ್ನೆ ಏಳು. ಒಂದು ಅಂಕಿ ತಪ್ಪಿತು.

ತೊಡೆ ಚುರುಗುಟ್ಟಿತು. ದೇವರಾಣೆ, ಹೊಡೆದ ಹಾಗೇ ಆಯಿತು. ನಿಂತುಬಿಟ್ಟೆ.

ಅವಳು ಅವತ್ತು ಸುಮ್ಮನೆ ಹೊಡೆದಿರಲಿಲ್ಲ. ತಪ್ಪು ಹಿಡಿದಿದ್ದಳು. ಕಿವಿ ಇಲ್ಲದೆ, ನನ್ನ ಗಂಟಲ ಮೇಲಿಟ್ಟ ಬೆರಳಿನಿಂದಲೇ ನನ್ನ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು, ಕಳ್ಳ ಅಂಕಿಯನ್ನು ಹಿಡಿದಿದ್ದಳು ನನ್ನ ಮಗಳು!

ಶಮೀಮಳ ಎದುರು ಮಂಡಿಯೂರಿ ಕೂತೆ. ಅವಳ ಕೈ ಹಿಡಿದು, ಹೆಬ್ಬೆರಳು ನನ್ನ ತುಟಿಗೆ, ಉಳಿದ ಬೆರಳು ಗಂಟಲಿಗೆ ಹಚ್ಚಿಕೊಂಡೆ. "ಹಿಂಗ ಗೊತ್ತೈತೇನು ನಿನಗ?"

ಅವಳ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಆಪರೇಷನ್ನಕ್ಕಿಂತ ಮೊದ್ಲ ನಮ್ಮ ಅಮ್ಮಾ ಹಿಂಗ ಕಲಿಸಿದ್ರು ಅಕ್ಕಾರ. ಹನ್ನೆರಡು ವರ್ಷ ತನಕ ಇದ ನನ್ನ ಕಿವಿ."

"ಕಣ್ಣು ಮುಚ್ಚು."

ಮುಚ್ಚಿದಳು. ಸಾಲದೆಂದು ಓಢಣಿಯನ್ನು ಕಣ್ಣಿಗೆ ಸುತ್ತಿಕೊಂಡಳು. ನಾನು ಶುರು ಮಾಡಿದೆ. ಅವಳ ಬೆರಳುಗಳು ನನ್ನ ದವಡೆಯ ಮೇಲೆ ಹಗುರಾಗಿ ಕೂತಿದ್ದವು, ಅಲ್ಲಾಡಲಿಲ್ಲ. ಅರ್ಧ ದಾಟಿದ ಮೇಲೆ ಎಂಟರ ಜಾಗದಲ್ಲಿ ಐದು ಎಂದೆ.

ಧಡ್.

ನಾನು ಗಲಗಲಿ ಸರ್ ಕಡೆ ತಿರುಗಿದೆ. "ಯಂತ್ರ ಇಲ್ಲ. ಕಣ್ಣಿಲ್ಲ. ನನ್ನ ಚರ್ಮ, ಇಕಿ ಚರ್ಮ. ನಡುವ ಯಾವ ಕಳ್ಳ ಹೊಗ್ತಾನ, ಹೇಳ್ರಿ ನೋಡೂನು!"

ಸರ್ ಎದ್ದು ಬಂದು ಕುರ್ಚಿಯನ್ನು ಶಮೀಮಳ ಎದುರಿಗೆ ಎಳೆದುಕೊಂಡು ಕೂತರು. ಕೈ ಕುತ್ತಿಗೆಗೆ ಹೋಯಿತು. ಅಂಗಿಯ ಮೇಲಿನ ಗುಂಡಿ ತೆಗೆದರು. ಅದರ ಕೆಳಗಿನದನ್ನೂ ತೆಗೆದರು. ಮುದಿ ಗಂಟಲನ್ನು ಮುಂದೆ ಚಾಚಿ, "ಹಚ್ಚು ತಂಗಿ ಕೈ," ಎಂದರು. ಅವಳಿಗೆ ಕಾಣಿಸಲಿಲ್ಲ. ನಾನೇ ಅವಳ ಕೈಯನ್ನು ಒಯ್ದು ಅಲ್ಲಿಟ್ಟೆ.

ಈ ಸಲ ಅವರು ಮೋಸ ಮಾಡಿದರು. ಕಳ್ಳ ಅಂಕಿಯನ್ನು ಎಲ್ಲರೂ ನಡುವೆ ಹಾಕುತ್ತಾರೆ. ಅವರು ಇಡೀ ಸಾಲನ್ನು ಸರಿಯಾಗಿ ಹೇಳಿ, ಕೊಟ್ಟಕೊನೆಯದನ್ನು ಮಾತ್ರ ತಪ್ಪು ಹೇಳಿ ಬಾಯಿ ಮುಚ್ಚಿದರು. ಶಮೀಮ್ ಕೈ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಮೇಜು ಗುದ್ದಿ, "ಭಾರಿ ಅದೀರಿ ಸರ್," ಎಂದಳು.

ಗಲಗಲಿ ಸರ್ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ನಿಯಮದ ಹೆಸರು ಬದಲಿ ಮಾಡ್ಬೇಕು," ಎಂದರು. ಆಮೇಲೆ ಅವಳು ತನ್ನ ಅಂಕಿಗಳನ್ನು ಆ ಒಂದೇ ಎತ್ತರದ ದನಿಯಲ್ಲಿ ಹೇಳಿದಳು. ನಾವಿಬ್ಬರೂ ಕೇಳಿ, ಇಬ್ಬರೂ ಒಟ್ಟಿಗೇ ಮೇಜು ಗುದ್ದಿದೆವು. ಸದ್ದಿಗೆ ಖಾನಾವಳಿಯ ಮಾಲೀಕಳು ಮೇಲೆ ಬಂದು, "ಏನ್ರಿ, ಜಗಳಾಡಾಕತ್ತೀರೇನು?" ಎಂದು ಬಾಗಿಲಲ್ಲಿ ನಿಂತಳು.

ಆದರೂ ಅಲ್ಲೇ ಸಹಿ ಹಾಕುವಂತಿರಲಿಲ್ಲ. ಅದು ಇನ್ನೊಂದು ನಿಯಮ: ಸಭೆಯಲ್ಲಿ ಯಾರೂ ಸಹಿ ಹಾಕಬಾರದು. ಮನೆಗೆ ಹೋಗಿ, ಉಂಡು, ಮಲಗಿ, ಎದ್ದ ಮೇಲೂ ಮನಸ್ಸು ಅಳುಕದಿದ್ದರೆ ಹಾಕಬೇಕು. ನನಗೆ ಮಲಗುವುದೆಲ್ಲಿ ಬಂತು? ಬೆಳಕು ಹರಿದದ್ದೇ ತಡ, ಸ್ನಾನ ಮಾಡಿ, ನೆಟ್‌ವರ್ಕ್ ಸೋಕದ ಹಳೆಯ ಲ್ಯಾಪ್‌ಟಾಪ್ ತೆಗೆದು ಶಮೀಮಳ ಕೀಲಿಗೆ ಸಹಿ ಹಾಕಿದೆ. ಸಹಿಗೆ ಅವಳ ಬಹಿರಂಗ ಗುರುತಿನಿಂದಲೇ ಬೀಗ ಹಾಕಿ ಕಳಿಸಬೇಕು. ನಿಜವಾದ ಒಡತಿ ಮಾತ್ರ ತೆಗೆಯಬಲ್ಲಳು. ಅವಳು ತೆಗೆದಳು. ಸರ್ ಸಹಿಯೂ ಬಂತು. ಅವಳು ನಮ್ಮ ಕೀಲಿಗಳಿಗೆ ಸಹಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ತೇಪೆಯ ಮೇಲೆ ಮೂರು ಸಹಿ ಬಿದ್ದು, ಬಿಲ್ಲೆಯ ದೀಪ ಹಸಿರಾಗಿ ಮಿನುಗಿತು. ತೇಪೆಯನ್ನು ಒಳಗೆ ಬಿಡಲು ಒಪ್ಪಿತು.

ಒಪ್ಪದೇ ಇದ್ದವಳು ನೀಲಾ. ನನ್ನ ಕೈಯಲ್ಲಿ ಬಿಲ್ಲೆ ಕಂಡದ್ದೇ ಮೂಲೆಗೆ ಓಡಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಕಳೆದ ಸಲ ಇದೇ ಬಿಲ್ಲೆ ಅವಳನ್ನು ಕಚ್ಚಿತ್ತಲ್ಲ. ಈಗ ಕಚ್ಚುವುದಿಲ್ಲ ಎಂದು ಕಿವುಡು ಮಗುವಿಗೆ ನಾನು ಹೇಗೆ ಹೇಳಲಿ? ಮೂರು ಸಹಿ ತೋರಿಸಲೇ? ಈರಣ್ಣ ರಜೆ ಹಾಕಿ ಬಂದಿದ್ದ. "ಒತ್ತಾಯ ಮಾಡಬ್ಯಾಡ ಮಾದೇವಿ," ಎಂದ.

ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂತೆ. ಬಹಳ ಹೊತ್ತಾದ ಮೇಲೆ ಅವಳೇ ಬಂದಳು. ತೊಡೆ ಹತ್ತಿ, ಹೆಬ್ಬೆರಳು ನನ್ನ ತುಟಿಗೆ, ಬೆರಳು ಗಂಟಲಿಗೆ. ನಾನು ಕಾಗಿ ಎಂದೆ. ಮತ್ತೆ ಕಾಗಿ ಎಂದೆ. ಅವಳ ಬೆರಳು ಅದನ್ನು ಗುರುತಿಸಿತು. ಆಗ ಮೆಲ್ಲಗೆ ಬಿಲ್ಲೆಯನ್ನು ಅವಳ ಕೂದಲಿನ ಹತ್ತಿರ ತಂದೆ. ಅಯಸ್ಕಾಂತ ತಾನೇ ಎಳೆದುಕೊಂಡಿತು.

ಮೈ ಬಿಗಿ ಹಿಡಿದಳು. ಕಾದಳು. ಕಚ್ಚಲಿಲ್ಲ.

"ಕಾಗಿ," ಎಂದೆ.

ಅವಳ ಕಣ್ಣು ಅರಳಿತು. ಬೆರಳು ಮಾತ್ರ ನನ್ನ ಗಂಟಲನ್ನು ಬಿಡಲಿಲ್ಲ. ಇನ್ನೊಮ್ಮೆ ಹೇಳೆಂದು ಬೆರಳಿನಿಂದ ತಿವಿದಳು. ಹೇಳಿದೆ. ಕಿವಿಗೆ ಬಂದದ್ದನ್ನೂ ಕೈಗೆ ಬಂದದ್ದನ್ನೂ ತಾಳೆ ನೋಡುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಎರಡೂ ಒಂದೇ ಎಂದು ಖಾತ್ರಿಯಾದ ಮೇಲೆ ಕತ್ತು ತಿರುಗಿಸಿ ಕಾಂಪೌಂಡ್ ಗೋಡೆಯನ್ನು ನೋಡಿದಳು. ಗೋಡೆ ಖಾಲಿ ಇತ್ತು.

ರಪ್ಪನೆ ನನ್ನ ತೊಡೆಗೆ ಹೊಡೆದಳು.

"ಕಾಗಿ ಇಲ್ಲ!" ಎಂದಳು ನನ್ನ ಮಗಳು, ಸಿಟ್ಟಿನಿಂದ. ಕ ಎನ್ನುವುದು ಕ ಆಗಿಯೇ, ಗ ಎನ್ನುವುದು ಗ ಆಗಿಯೇ ಬಂತು.

ಬಾಗಿಲಲ್ಲಿ ನಿಂತಿದ್ದ ಈರಣ್ಣ ಗೋಡೆಗೆ ಮುಖ ಹಚ್ಚಿ ಅಳತೊಡಗಿದ. ನಾನು ಅಳಲಿಲ್ಲ, ಪುರುಸೊತ್ತಿರಲಿಲ್ಲ. ಹೇಳಿದ್ದು ಸುಳ್ಳಾಗಬಾರದಲ್ಲ. ಬುಟ್ಟಿಯೊಳಗಿನ ರೊಟ್ಟಿ ಮುರಿದುಕೊಂಡು, ಕಾಗೆಯನ್ನು ಕರೆಯಲು ಗೋಡೆಯ ಹತ್ತಿರ ಓಡಿದೆ.